ಪ್ಯಾಡು ಬಂದ ಮೇಲೆ ಭಜನೆ

ನಮ್ಮ ಕಡೆ ಭಜನೆ ಅಂದ್ರೆ ಗುಡಿಯ ಮೈಕಿನಲ್ಲಿ ಕೂಗೋ ಕ್ಯಾಸೆಟ್ ಅಲ್ಲ. ಮಧುಗಿರಿ, ಕೊರಟಗೆರೆ ಹಳ್ಳಿಗಳಲ್ಲಿ ಏಕತಾರಿ, ದಮ್ಮಡಿ, ತಾಳ, ಒಂದು ಹಾರ್ಮೋನಿಯಂ ಇಟ್ಟುಕೊಂಡು ಹತ್ತು ಜನ ಕೂತು ತತ್ವಪದ ಹೇಳೋದು. ಪಾವಗಡದ ಕಡೆ ಹೋದ್ರೆ ಕನ್ನಡದ ಜೊತೆ ತೆಲುಗೂ ಸೇರಿಕೊಳ್ಳುತ್ತೆ. ಶಿರಾ ಸೀಮೆಯ ಕಾಡುಗೊಲ್ಲರು ಉದ್ದನೆಯ ಗಣೆ ಊದಿ ಜುಂಜಪ್ಪನ ಕಥೆ ಹಾಡೋ ರೀತಿಯೇ ಬೇರೆ. ದೇವರ ಹಾಡಿನ ವಾದ್ಯ ನಮ್ಮಲ್ಲಿ ತಾಲ್ಲೂಕು ದಾಟಿದರೆ ಬದಲಾಗುತ್ತೆ. ಹಂಗಿದ್ರೂ ನಮ್ಮ ಮಾವನ ಭಜನೆ ಮಂಡಳಿಯಲ್ಲಿ ಈಗ ಜಗಳ ಎದ್ದಿರೋದು ವಾದ್ಯದ ಮೇಲೇ. ಹುಡುಗರು ಕೀಬೋರ್ಡು, ರಿದಂ ಪ್ಯಾಡು ತಂದವ್ರೆ. ಹಳಬರು ಮುಖ ತಿರುಗಿಸಿಕೊಂಡವ್ರೆ.

ಹುಡುಗರದು ಒಂದೇ ವಾದ: "ರಘು ದೀಕ್ಷಿತ್ ಹಾಡ್ಲಿಲ್ವಾ?"

ಹಾಡಿದ್ರು, ನಿಜ. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿದ ಮನುಷ್ಯ ಮೊದಲು ಅಂತರಾಗ್ನಿ ಅನ್ನೋ ತಂಡ ಕಟ್ಟಿದ್ರು. ಆಮೇಲೆ ಬಂದದ್ದು ರಘು ದೀಕ್ಷಿತ್ ಪ್ರಾಜೆಕ್ಟ್. 2008ರ ಮೊದಲ ಆಲ್ಬಂನಲ್ಲೇ ಶಿಶುನಾಳ ಶರೀಫರ ಗುಡುಗುಡಿಯ ಪದ, ಸೋರುವ ಮಾಳಿಗೆಯ ಪದ ಎರಡೂ ಇವೆ. ಗಿಟಾರು, ಪಿಟೀಲು, ಡ್ರಮ್ಸು, ಕಾಲಲ್ಲಿ ಗೆಜ್ಜೆ, ಮೈಮೇಲೆ ಬಣ್ಣದ ಲುಂಗಿ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಕನ್ನಡದ ಒಂದಕ್ಷರ ಬರದ ಜನ ಶರೀಫರ ಪದಕ್ಕೆ ಕುಣಿದ್ರು. 2013ರ 'ಜಗ್ ಚಂಗಾ' ಆಲ್ಬಂನಲ್ಲಿ ಮತ್ತೆ ಶರೀಫರು ಬಂದ್ರು. ಈ ಸಲ ದನಿ ಇನ್ನೂ ತುಂಬಿಕೊಂಡಿತ್ತು.

ಮಾವ ಇದನ್ನ ನನ್ನ ಫೋನಿನಲ್ಲಿ ಕೇಳಿದ. "ಗಂಟಲು ಚೆನ್ನಾಗೈತೆ, ಆದ್ರೆ ಇದು ಮೂಲ ಧಾಟಿ ಅಲ್ಲ ಕಣಪ್ಪ" ಅಂದ. ಅವನ ಪ್ರಕಾರ ಮೂಲ ಧಾಟಿ ಯಾವುದು ಅಂತ ಹಾಡಿಸಿದೆ. ಹಾಡಿದ್ದು ಸಿ. ಅಶ್ವಥ್ ಧಾಟಿ! ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದದ್ದು 1990ರಲ್ಲಿ, ಸಂಗೀತ ಅಶ್ವಥ್ ಅವರದ್ದು. ಮಾವನಿಗೆ ಶರೀಫರು ಸಿಕ್ಕಿದ್ದು ಆ ಕ್ಯಾಸೆಟ್ಟಿನಿಂದ. ಇನ್ನು ಹಾರ್ಮೋನಿಯಂ? ಅದು ಯುರೋಪಿನಿಂದ ಬಂದ ಪೆಟ್ಟಿಗೆ. ನಮ್ಮ ಸಂಗೀತಕ್ಕೆ ಒಗ್ಗಲ್ಲ ಅಂತ 1940ರಲ್ಲಿ ಆಕಾಶವಾಣಿ ಅದನ್ನ ಹೊರಗಿಟ್ಟಿತ್ತು, ಮೂವತ್ತು ವರ್ಷದ ಮೇಲಾಯ್ತು ಒಳಗೆ ಬಿಟ್ಟುಕೊಳ್ಳೋಕೆ. ಇವತ್ತು ಅದೇ ಪೆಟ್ಟಿಗೆ ಮುಂದೆ ಕೂತು ನಮ್ಮ ಹಳಬರು ಕೀಬೋರ್ಡನ್ನ ಬೈತಾರೆ.

ಈ ಜಗಳ ನಮ್ಮದು ಮಾತ್ರ ಅಂದ್ಕೋಬೇಡಿ. ಬೆಂಗಳೂರಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಗೆಳೆಯನೊಬ್ಬ ಪ್ರತಿ ಭಾನುವಾರ ಚರ್ಚಿಗೆ ಹೋಗೋನು. ಪೆಟ್ರಾ ಅನ್ನೋ ಅಮೆರಿಕದ ಕ್ರೈಸ್ತ ರಾಕ್ ತಂಡವನ್ನ ನನಗೆ ಕೇಳಿಸಿದ್ದು ಅವನೇ. 1972ರಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಊರಿನಲ್ಲಿ ಗಿಟಾರ್ ವಾದಕ ಬಾಬ್ ಹಾರ್ಟ್‌ಮನ್ ಮತ್ತವರ ಗೆಳೆಯರು ಕಟ್ಟಿದ್ದು. ಗ್ರೀಕ್ ಭಾಷೆಯಲ್ಲಿ ಪೆಟ್ರಾ ಅಂದ್ರೆ ಬಂಡೆ. ಶುರುವಿನಲ್ಲಿ ಅವರದು ನಾಟಿ ಕಂಟ್ರಿ ಸಂಗೀತದ ವಾಸನೆ ಇರೋ ರಾಕ್. 1984ರ 'ಬೀಟ್ ದ ಸಿಸ್ಟಮ್' ಹೊತ್ತಿಗೆ ಎಲ್ಲೆಲ್ಲೂ ಸಿಂಥಸೈಸರ್. 1986ರಲ್ಲಿ ಗಾಯಕ ಗ್ರೆಗ್ ವೋಲ್ಜ್ ಹೋಗಿ ಜಾನ್ ಶ್ಲಿಟ್ ಬಂದ್ರು, ಹಾಡು ಗಡಸಾಯ್ತು. ಚರ್ಚಿನವರೇ ಕೆಲವರು ಇಂಥ ಸಂಗೀತದ ಮೇಲೆ ಮುರಕೊಂಡು ಬಿದ್ರು. ಟಿ.ವಿ. ಪ್ರಚಾರಕ ಜಿಮ್ಮಿ ಸ್ವಾಗರ್ಟ್ ಇದು ಕುರಿಯ ವೇಷದ ತೋಳ ಅಂತ 1987ರಲ್ಲಿ ಪುಸ್ತಕವನ್ನೇ ತಂದ್ರು. ಆದ್ರೂ ತಂಡ ನಿಲ್ಲಲಿಲ್ಲ. 1990ರ 'ಬಿಯಾಂಡ್ ಬಿಲೀಫ್' ಆಲ್ಬಂಗೆ ಗ್ರ್ಯಾಮಿ ಬಂತು.

ನನ್ನ ಕಿವಿ ನೆಟ್ಟಗಾಗಿದ್ದು ಅದಕ್ಕೂ ಒಂದು ವರ್ಷ ಹಿಂದಿನ, 1989ರ 'ಪೆಟ್ರಾ ಪ್ರೇಯ್ಸ್' ಕೇಳಿದಾಗ. ಗಟ್ಟಿ ರಾಕ್ ಮಾಡಿಕೊಂಡಿದ್ದ ಅದೇ ತಂಡ, ಚರ್ಚಿನಲ್ಲಿ ಎಲ್ಲರೂ ಕೂಡಿ ಹೇಳೋ ಸ್ತುತಿಗಳನ್ನ ಎತ್ತಿಕೊಂಡಿತ್ತು. ಗಿಟಾರು ಕೆಳಗಿಟ್ಟಿರಲಿಲ್ಲ. ಆದರೆ ಕೇಳೋನಿಗೂ ಬಾಯಿ ತೆರೆಯೋಕೆ ಜಾಗ ಬಿಟ್ಟಿದ್ರು.

ನಮ್ಮ ಭಜನೆಯ ಗುಟ್ಟೂ ಇಷ್ಟೇ ಅಲ್ವೇ? ಒಬ್ಬ ಒಂದು ಸಾಲು ಹೇಳ್ತಾನೆ, ಉಳಿದವರೆಲ್ಲ ಅದನ್ನ ಎತ್ತಿಕೊಳ್ತಾರೆ. ಹಿಂದಿನ ಸಾಲಿನಲ್ಲಿ ತೂಕಡಿಸೋ ಅಜ್ಜನೂ ಎತ್ತಿಕೊಳ್ತಾನೆ. ಪ್ಯಾಡು ಬಂದ ಮೇಲೆ ನಾನು ಗಮನಿಸಿದ್ದು ಅದನ್ನೇ. ಸ್ಪೀಕರ್ ಅಬ್ಬರಕ್ಕೆ ಹಿಂದಿನ ದನಿಗಳು ಒಂದೊಂದಾಗಿ ಉಡುಗಿ ಹೋದವು. ಜನ ಫೋನ್ ಹಿಡಿದು ವಿಡಿಯೋ ಮಾಡ್ತಾ ಕೂತ್ರು. ಹಾಡಿಗೆ ಏನೂ ಆಗಿರಲಿಲ್ಲ, ಹಾಡೋರು ಕಮ್ಮಿಯಾಗಿದ್ರು.

ಮಾವನ ಚಿಂತೆ ಇನ್ನೂ ಆಳದ್ದು. "ಗಣೇಶನ ಪೆಂಡಾಲಿಗೆ ನಿಮ್ಮ ಕೀಬೋರ್ಡು ಸರಿ ಕಣಪ್ಪ. ಸತ್ತೋರ ಮನೆಗೆ ಯಾರು ಬತ್ತಾರೆ?" ನಮ್ಮ ಕಡೆ ಯಾರಾದ್ರೂ ತೀರಿಕೊಂಡ್ರೆ ಹೆಣದ ಪಕ್ಕ ಬೆಳಗಾಗೋವರೆಗೂ ಭಜನೆ. ಅಲ್ಲಿ ಸ್ಟೇಜಿಲ್ಲ, ಚಪ್ಪಾಳೆಯಿಲ್ಲ, ಅಳೋರ ನಡುವೆ ಕೂತು ಹೇಳಬೇಕು. ತತ್ವಪದಕ್ಕೆ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಅವನ ಮಂಡಳಿಯಲ್ಲಿ ಪೂರ್ತಿ ರಾತ್ರಿ ಕೂರಬಲ್ಲೋರು ಈಗ ಉಳಿದಿರೋದು ನಾಲ್ಕೇ ಜನ. ಅದರಲ್ಲಿ ಒಬ್ಬರಿಗೆ ದಮ್ಮು.

ಹೋದ ವರ್ಷ ಮಾವನ ಜೊತೆ ಅಂಥ ಒಂದು ಮನೆಗೆ ಹೋಗಿದ್ದೆ. ಹತ್ತು ಗಂಟೆ ದಾಟಿದ ಮೇಲೆ ಪ್ಯಾಡಿನ ಹುಡುಗರಲ್ಲಿ ಇಬ್ಬರು ಬಂದು ಚಾಪೆಯ ಮೂಲೆಯಲ್ಲಿ ಕೂತ್ರು. ಕೈಯಲ್ಲಿ ಏನೂ ಇರಲಿಲ್ಲ. ಮಾವ ಮಾತಾಡಲಿಲ್ಲ, ತನ್ನ ದಮ್ಮಡಿಯನ್ನ ಒಬ್ಬನ ಕಡೆ ಸರಿಸಿದ. ಪ್ಯಾಡು ಬಡಿದು ಪಳಗಿದ ಕೈಗೆ ತಾಳ ತಪ್ಪಲಿಲ್ಲ. ಪದಗಳು ಪೂರ್ತಿ ಬರ್ತಿರಲಿಲ್ಲ, ಎತ್ತಿಕೊಳ್ಳೋ ಸಾಲಿಗೆ ಮಾತ್ರ ದನಿಗೂಡಿಸಿದ್ರು.

ಈಗ ಶನಿವಾರ ಶನಿವಾರ ಆ ಇಬ್ಬರು ಮಾವನ ಮನೆಗೆ ಬಂದು ಅವನು ಹೇಳೋ ಪದಗಳನ್ನ ಫೋನಿನಲ್ಲಿ ತುಂಬಿಕೊಳ್ತಾರೆ. ಪೆಂಡಾಲಿನಲ್ಲಿ ಪ್ಯಾಡು ಬಾರಿಸೋದು ಬಿಟ್ಟಿಲ್ಲ, ಬಿಡೋದೂ ಬೇಡ. ಮಾವ ಅವರಿಗೆ ಹಾಕಿರೋ ಷರತ್ತು ಒಂದೇ: ಸ್ಪೀಕರ್ ದನಿ ಹಿಂದಿನ ಸಾಲಿನ ಅಜ್ಜನ ದನಿಗಿಂತ ಮೇಲೇಳಬಾರದು.