ಎಂಜಿನ್ನಿನ ಶ್ರುತಿ

ಶ್ರುತಿ ಎಂದ ಕೂಡಲೆ ನಮಗೆ ನೆನಪಾಗುವುದು ತಂಬೂರಿ. ಕಚೇರಿಗೆ ಮುಂಚೆ ವಿದ್ವಾಂಸರು ಬಿರಡೆ ತಿರುಗಿಸುತ್ತ ಕುಳಿತರೆ ಸಭಿಕರು ಕೆಮ್ಮುತ್ತಾರೆ, ಆಕಳಿಸುತ್ತಾರೆ, ಗಡಿಯಾರ ನೋಡುತ್ತಾರೆ. ಆದರೆ ‘ಸಾಕು, ಹಾಡಿ’ ಎಂದು ಯಾರೂ ಅನ್ನುವುದಿಲ್ಲ. ಮೋಟಾರು ಕಾರಿಗೂ ಹೀಗೆ ಶ್ರುತಿ ಮಾಡಬೇಕು, ಅದರಲ್ಲೂ ಪಂಥಗಳಿವೆ, ಪಂಥಗಳ ನಡುವೆ ಜಗಳವೂ ಇದೆ ಎಂಬುದು ನನಗೆ ತಿಳಿದದ್ದು ಮಾತ್ರ 67ನೆಯ ವಯಸ್ಸಿನಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ಊರಿನಲ್ಲಿ, ಮಗಳ ಮನೆಯ ಗ್ಯಾರೇಜಿನಲ್ಲಿ.

ಮಕ್ಕಳನ್ನು ನೋಡಲೆಂದು ಆರು ತಿಂಗಳಿಗೆ ವಿಮಾನ ಹತ್ತುವ ನನ್ನಂಥ ನಿವೃತ್ತರಿಗೆ ಅಲ್ಲಿ ಮಾಡಲು ಕೆಲಸವೇ ಇರುವುದಿಲ್ಲ. ನನ್ನಾಕೆ ಹೋದ ದಿನವೇ ಅಡಿಗೆಮನೆಯನ್ನು ವಶಪಡಿಸಿಕೊಂಡಳು. ನನ್ನ ಪಾಲಿಗೆ ಉಳಿದದ್ದು ಗ್ಯಾರೇಜು. ಅಲ್ಲಿ 1994ರ ಮಾಜ್ದಾ ಮಿಯಾಟಾ ಎಂಬ, ಇಬ್ಬರಿಗಷ್ಟೇ ಜಾಗವಿರುವ ಪುಟ್ಟ ಕಾರೊಂದು ನಿಂತಿತ್ತು. ಕಾರ್ಖಾನೆಯಿಂದ ಹೊರಟಾಗ ಅದಕ್ಕಿದ್ದದ್ದು 128 ಅಶ್ವಶಕ್ತಿ. ಅಷ್ಟು ಕುದುರೆಗಳು ಸಾಲವೆಂದು ನನ್ನ ಮಗಳು ಒಂದೂವರೆ ವರ್ಷದ ಶನಿವಾರ, ಭಾನುವಾರಗಳನ್ನೆಲ್ಲ ಧಾರೆಯೆರೆದು ಅದಕ್ಕೆ ತನ್ನ ಕೈಯಿಂದಲೇ ಟರ್ಬೊ ಕೂರಿಸಿದ್ದಳು.

ಟರ್ಬೊ ಎಂದರೆ ಒಂದು ಬಗೆಯ ಮಿತವ್ಯಯ. ಎಂಜಿನ್ ಹೊರಕ್ಕೆ ದೂಡುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸುವುದು. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದ. ಗಾಳಿ ಹೆಚ್ಚಿದರೆ ಪೆಟ್ರೋಲು ಹೆಚ್ಚು, ಪೆಟ್ರೋಲು ಹೆಚ್ಚಿದರೆ ಶಕ್ತಿ ಹೆಚ್ಚು. ಕೇಳಲು ಬಲು ಸುಲಭ. ಆದರೆ ಒತ್ತಿದ ಗಾಳಿ ಕಾಯುತ್ತದೆ. ಕಿಡಿ ಹಚ್ಚಿದ ಜ್ವಾಲೆ ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಪಿಸ್ಟನ್ನಿಗೆ ಅದು ಸುತ್ತಿಗೆಯ ಪೆಟ್ಟು. 1962ರಲ್ಲಿ ಇದೇ ಲ್ಯಾನ್ಸಿಂಗಿನ ಓಲ್ಡ್ಸ್‌ಮೊಬೈಲ್ ಕಂಪೆನಿ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಮಾರಾಟಕ್ಕೆ ತಂದಿತು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಅದಕ್ಕೆ ಬೇರೆಯಾಗಿ ತುಂಬಬೇಕಿತ್ತು. ಕೊಂಡವರಲ್ಲಿ ಅನೇಕರು ತುಂಬುವುದನ್ನು ಮರೆತರು. 1963ರ ನಂತರ ಆ ಕಾರೂ ಇಲ್ಲ, ಆ ದ್ರವವೂ ಇಲ್ಲ.

ಈಗ ಆ ದ್ರವದ ಬದಲು ಪುಟ್ಟ ಕಂಪ್ಯೂಟರು ಇದೆ. ಅದರೊಳಗೆ ಒಂದು ಕೋಷ್ಟಕ. ಅಡ್ಡಕ್ಕೆ ಎಂಜಿನ್ ವೇಗದ 16 ಮೆಟ್ಟಿಲು, ಉದ್ದಕ್ಕೆ ಗಾಳಿಯ ಒತ್ತಡದ 16 ಮೆಟ್ಟಿಲು. ಚದುರಂಗದ ಹಾಸಿನಲ್ಲಿ 64 ಮನೆಗಳಾದರೆ ಇಲ್ಲಿ 256. ಪ್ರತಿ ಮನೆಯಲ್ಲೂ ಎಷ್ಟು ಪೆಟ್ರೋಲು ಎಂದು ಬರೆಯಬೇಕು. ಕಿಡಿ ಎಷ್ಟು ಬೇಗ ಎಂಬುದಕ್ಕೆ ಮತ್ತೊಂದು ಕೋಷ್ಟಕ. ಸಮವಾಗಿ ಉರಿಯಲು ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಸಾಕು. ಟರ್ಬೊ ಒತ್ತುವಾಗ ಮಾತ್ರ ಗಾಳಿಯ ಪಾಲನ್ನು 12ರ ಆಸುಪಾಸಿಗೆ ಇಳಿಸಿ, ಕಿಡಿಯನ್ನು ತುಸು ತಡಮಾಡಬೇಕು.

ಈ ಮನೆಗಳನ್ನು ತುಂಬುವ ಬಗೆ ಮೂರು. ಲ್ಯಾಪ್‌ಟಾಪು ಹಿಡಿದು ರಸ್ತೆಯಲ್ಲಿ ಓಡಿಸುತ್ತ ತಿದ್ದುವುದು ಒಂದು. ಓಡಿಸಿದ ದಾಖಲೆಯನ್ನು ದೂರದ ತಜ್ಞನಿಗೆ ಕಳುಹಿಸಿ, ಅವನು ತಿದ್ದಿ ಕೊಟ್ಟದ್ದನ್ನು ಹಾಕಿಕೊಳ್ಳುವುದು ಎರಡನೆಯದು. ಕಾರನ್ನು ಡೈನೊ ಎಂಬ ಉರುಳೆಗಳ ಮೇಲೆ ಕಟ್ಟಿ, ನಿಂತಲ್ಲೇ ಓಡಿಸಿ ಅಳೆಯುವುದು ಮೂರನೆಯದು.

ಮಗಳ ಮನಸ್ಸು ಇದ್ದದ್ದು ಮೊದಲನೆಯದರ ಮೇಲೆ. “ಎಲ್ಲಾನೂ ನಾನೇ ಮಾಡಿದೀನಿ ಅಪ್ಪ, ಕೊನೆ ಕೆಲಸ ಇನ್ನೊಬ್ಬರ ಕೈಗೆ ಕೊಡಲಾ? ನೀವು ಪಕ್ಕದಲ್ಲಿ ಕೂತು ಅಂಕಿ ನೋಡಿ ಹೇಳಿದರೆ ಸಾಕು” ಎಂದಳು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಅಂಕಿ ನೋಡಿಯೇ ಅನ್ನ ತಿಂದವನು ನಾನು. ಆದರೆ ಆ ಅಂಕಿಗಳು ಇಟ್ಟ ಕಡೆ ಇರುತ್ತಿದ್ದವು. ಗಂಟೆಗೆ 80 ಮೈಲಿ ಓಡುತ್ತಿರಲಿಲ್ಲ!

ಅವಳ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಕಾರು ಬದುಕಬೇಕಾದದ್ದು ರಸ್ತೆಯಲ್ಲಿ. ಅಲ್ಲಿನ ಗಾಳಿ, ಏರು, ಚಳಿ ಉರುಳೆಗಳಿಗೆ ತಿಳಿಯದು. ಆದರೆ ಹೆಚ್ಚು ಒತ್ತಡದ ಮನೆಗಳನ್ನು ರಸ್ತೆಯಲ್ಲಿ ಮುಟ್ಟಬೇಕಾದರೆ ಕಾಲನ್ನು ಪೂರ್ತಿ ಅದುಮಬೇಕು. ಆ ರಸ್ತೆಯಲ್ಲಿ ಇನ್ನೊಬ್ಬರ ಮಕ್ಕಳೂ ಇರುತ್ತಾರೆ. ದೂರದ ತಜ್ಞ ಬಲ್ಲವನೇ ಇರಬಹುದು. ಅವನ ಕಿವಿ ಮಾತ್ರ ಇಲ್ಲಿರುವುದಿಲ್ಲ. ಡೈನೊ ಎಂಜಿನ್ನನ್ನು ಒಂದೇ ವೇಗದಲ್ಲಿ, ಒಂದೇ ಹೊರೆಯಲ್ಲಿ ಹಿಡಿದು ನಿಲ್ಲಿಸಬಲ್ಲದು. ತಪ್ಪೆನಿಸಿದರೆ ಕಾಲು ತೆಗೆದರಾಯಿತು.

“ಎಲ್ಲ ಮನೆಗಳೂ ಒಂದೇ ಸಮ ಅಪಾಯವೇನಮ್ಮ?” ಎಂದು ಕೇಳಿದೆ.

“ಇಲ್ಲ. ಕೆಳಗಿನವು ಸಾಧು. ತಪ್ಪಿದರೆ ಎಂಜಿನ್ ಮುಗ್ಗರಿಸುತ್ತೆ, ಇಲ್ಲಾ ಪೆಟ್ರೋಲು ದಂಡ. ಮೇಲಿನವು ತಪ್ಪಿದರೆ ಪಿಸ್ಟನ್ ಹೋಗುತ್ತೆ.”

ಕಾಫಿ ತಂದ ನನ್ನಾಕೆ ನಿಂತೇ ತೀರ್ಪು ಕೊಟ್ಟಳು: “ಹಾಲು ಬಿಸಿಯಾಗೋವರೆಗೂ ನೀನೇ ನೋಡಿಕೋ. ಉಕ್ಕೋ ಹೊತ್ತಿಗೆ ತಿಳಿದವರು ಪಕ್ಕದಲ್ಲಿರಲಿ.”

ಮಗಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕೋಷ್ಟಕದ ನಡುವೆ ಗೆರೆ ಎಳೆದಳು. ತಣ್ಣಗಿರುವಾಗ ಎಂಜಿನ್ ಹತ್ತುವುದು, ನಿಂತಲ್ಲಿ ತಿರುಗುವುದು, ನಿಧಾನದ ಓಟ, ಇವು ತನಗೆ. ಗೆರೆಯ ಮೇಲಿನದು ಡೈನೊಗೆ. ತಾನು ಪಕ್ಕದಲ್ಲೇ ಕೂರುತ್ತೇನೆಂದು ಷರತ್ತು ಹಾಕಿದಳು.

ಡೈನೊ ಯಜಮಾನ ನರೆತ ಗಡ್ಡದ, ಮಿತಭಾಷಿ ಮನುಷ್ಯ. ತಾನು ಸ್ಟಿಯರಿಂಗ್ ಮುಂದೆ ಕುಳಿತು, ಲ್ಯಾಪ್‌ಟಾಪನ್ನು ಮಗಳ ತೊಡೆಯ ಮೇಲಿಟ್ಟ. ಎಂಜಿನ್ನಿನ ಮೈಗೆ ಬಿಗಿದ ಮೈಕಿನಿಂದ ತಂತಿ ಎಳೆದು, ವೈದ್ಯರು ಎದೆ ನೋಡುವಂತೆ ಕಿವಿಗೆ ಹೆಡ್‌ಫೋನು ಹಾಕಿಕೊಂಡ. ಅವಳಿಗೂ ಒಂದು ಕೊಟ್ಟ. ನಾನು ಗಾಜಿನ ಆಚೆ. ಕಾರು ಇದ್ದಲ್ಲೇ ಅಬ್ಬರಿಸಿತು. ಅವನು ಬೆರಳೆತ್ತಿದರೆ ಅವಳು ಕಿಡಿಯನ್ನು ಒಂದು ಡಿಗ್ರಿ ಮುಂದಕ್ಕೆ ತರುವಳು. ಹೀಗೆ ಹತ್ತಾರು ಬಾರಿ ಆದಮೇಲೆ ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಅವನು ಕಾಲು ತೆಗೆದ. ನನಗೆ ಕೇಳಿಸಿದ್ದು ಅಬ್ಬರ ಒಂದೇ. ಮಗಳು ಆಮೇಲೆ ಹೇಳಿದಳು: “ಒಗ್ಗರಣೆಯಲ್ಲಿ ಮೊದಲ ಸಾಸಿವೆ ಸಿಡಿದ ಹಾಗೆ ಕೇಳಿಸ್ತು ಅಪ್ಪ.” ಅವಳೇ ಎರಡು ಡಿಗ್ರಿ ಹಿಂದಕ್ಕೆ ತಿದ್ದಿದಳಂತೆ, ಅವನು ಹೇಳುವುದಕ್ಕೆ ಮೊದಲೇ.

ಚಕ್ರದ ಬಳಿ ಅಳೆದಾಗ ಬಂದದ್ದು 186 ಅಶ್ವಶಕ್ತಿ. ಅವಳು ಎಣಿಸಿದ್ದು 200. ಬೇಸಿಗೆಯ ಮಧ್ಯಾಹ್ನಕ್ಕೆ, ಎಂದಾದರೂ ಸಿಗುವ ಕಳಪೆ ಪೆಟ್ರೋಲಿಗೆ ಅಷ್ಟು ಅಂತರ ಉಳಿದಿರಲಿ ಎಂದು ಯಜಮಾನ ಅಂದ. ಸಂಗೀತದಲ್ಲಾದರೆ ಅಪಸ್ವರ ಗಾಳಿಯಲ್ಲಿ ಕರಗಿ ಹೋಗುತ್ತದೆ. ಇಲ್ಲಿ ಲೋಹದ ಮೇಲೆ ಉಳಿಯುತ್ತದೆ. ಯಾವ ವಿಧಾನದಿಂದ ಹೆಚ್ಚು ಕುದುರೆ ಬರುತ್ತದೆ ಎಂಬುದನ್ನು ಆಮೇಲೆ ಕೇಳಬಹುದು. ತಪ್ಪಿದಾಗ ಹಿಂತಿರುಗಲು ಎಲ್ಲಿ ಸಮಯ ಸಿಗುತ್ತದೆ ಎಂಬುದನ್ನು ಮೊದಲು ಕೇಳಬೇಕೆಂದು ನನಗೆ ತೋರುತ್ತದೆ.

ನಾವು ಮೈಸೂರಿಗೆ ಹಿಂತಿರುಗಿ ಕೆಲವು ತಿಂಗಳಾದವು. ಮೊನ್ನೆ ಫೋನು ಮಾಡಿದ್ದಳು. ಹಿಮ ಬಿದ್ದ ಬೆಳಗ್ಗೆ ಎಂಜಿನ್ ಹತ್ತಲು ಹಟ ಮಾಡಿತಂತೆ. ಗೆರೆಯ ಕೆಳಗಿನ ಎರಡು ಮನೆ ತಿದ್ದಿದಳಂತೆ. ಕೈಬಿಟ್ಟ ಹದಿನಾಲ್ಕು ಕುದುರೆಗಳ ಮಾತನ್ನು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ.