ಚಪ್ಪರದ ಹೊರಗಿನ ವಾದ್ಯ

ಮದುವೆಗೆ ವಾದ್ಯ ಬೇಕು, ವಾದ್ಯದವನು ಬೇಡ. ಮಂಗಳೂರಿನ ಬ್ಯಾಂಡ್ ಸೆಟ್ಟಿನವರ ಮಕ್ಕಳಾದ ನಮಗೆ ಇದನ್ನು ಯಾವ ಪುಸ್ತಕವೂ ಕಲಿಸಬೇಕಾಗಿ ಬರಲಿಲ್ಲ. ದಿಬ್ಬಣದ ಮುಂದೆ ಬೆವರು ಸುರಿಸಿ ಬಾರಿಸಬೇಕು, ಕಲ್ಯಾಣ ಮಂಟಪದ ಬಾಗಿಲು ಬಂದ ಕೂಡಲೇ ನಿಲ್ಲಬೇಕು. ಮದುಮಗ ಒಳಗೆ, ಕ್ಲಾರಿಯೊನೆಟ್ಟು ತಾಸೆ ಹೊರಗೆ. ಊಟ ಕಡೆಯ ಪಂಕ್ತಿಗೆ, ಅದೂ ಉಳಿದರೆ. ಒಂದು ದೊಡ್ಡ ಮದುವೆಯಲ್ಲಿ ಟ್ರಂಪೆಟ್ ಊದುವ ನಮ್ಮ ಹುಡುಗ ಕುಡಿಯಲು ನೀರು ಕೇಳಿದ. ಹೊರಗೇ ನಿಲ್ಲಿ, ಕಳಿಸುತ್ತೇವೆ ಅಂದರು. ಅವನ ತುಟಿ ಒಣಗಿತೇ ಹೊರತು ನೀರು ಬರಲಿಲ್ಲ. ಅದೇ ಬಾಯಿಯಲ್ಲಿ ಮತ್ತೆ ಮಂಗಳವಾದ್ಯ ಊದಬೇಕಿತ್ತು ಅವನು. ಮಂಗಳ ಎಂಬ ಮಾತಿನ ಅರ್ಥ ನಮಗೆ ಆವತ್ತಿನಿಂದ ಸ್ವಲ್ಪ ಬೇರೆಯೇ ಆಗಿದೆ.

ಈಚೆಗೆ ಅದೇ ಹುಡುಗನ ಮೊಬೈಲಿಗೆ ದೂರದ ಬಲ್ಗೇರಿಯಾದ ಒಂದು ಮದುವೆ ಬ್ಯಾಂಡು ಬಂದು ಕೂತಿದೆ. ಹಂಪನಕಟ್ಟೆಯ ಬಸ್ಸಿಳಿದು ಬಂದವನು ನಮ್ಮ ಜಗಲಿಯಲ್ಲಿ ಅದನ್ನು ಜೋರಾಗಿ ಹಾಕಿದ. ಮೊದಲು ಯಾರೋ ಕೋಪದಲ್ಲಿ ಜಗಳಕ್ಕೆ ಬಿದ್ದ ಹಾಗೆ ಕೇಳಿತು. ಕ್ಲಾರಿಯೊನೆಟ್ಟು ಉಸಿರು ತೆಗೆದುಕೊಳ್ಳದೆ ಓಡುತ್ತದೆ, ಹಿಂದೆ ಸ್ಯಾಕ್ಸೋಫೋನು, ಅಕಾರ್ಡಿಯನ್ನು, ಡ್ರಮ್ಮು. ಹಳ್ಳಿಯ ಕುಣಿತದ ಧಾಟಿ ಶುರುವಾಗಿ ನೋಡನೋಡುತ್ತ ಜಾಝ್ ಆಗಿಬಿಡುತ್ತದೆ, ಮತ್ತೆ ಹಳ್ಳಿಗೇ ವಾಪಸು. ನಾವು ಇಂಗ್ಲಿಷು ಓದಿದವರು ಬಾಯಿ ಬಿಟ್ಟುಕೊಂಡು ಕೂತಿದ್ದೆವು. ತಾಸೆ ಬಾರಿಸುವ ಮಾಮ ಮಾತ್ರ ಕಾಲಿನಲ್ಲಿ ಲೆಕ್ಕ ಹಾಕುತ್ತ ಕೂತಿದ್ದವರು, 'ಎಂತ ಮಾರಾಯಾ, ಇದು ಏಳರ ಪೆಟ್ಟು. ಎರಡು, ಎರಡು, ಮೂರು. ನಮ್ಮ ತ್ರಿವುಡೆಯನ್ನು ತಿರುಗಿಸಿ ಇಟ್ಟಿದ್ದಾರೆ ಅಷ್ಟೆ' ಅಂದರು.

ಮಾಮ ಹೇಳಿದ್ದು ಸರಿ. ಯಕ್ಷಗಾನದ ತ್ರಿವುಡೆ ಮೂರು, ಎರಡು, ಎರಡು. ಬಲ್ಗೇರಿಯಾದ ರೈತರು ಕುಣಿಯುವ ರುಚೆನಿತ್ಸಾ ಎಂಬುದು ಎರಡು, ಎರಡು, ಮೂರು. ಪೈದುಷ್ಕೋ ಎಂಬ ಕುಣಿತಕ್ಕೆ ಐದರ ಪೆಟ್ಟು, ಕೋಪನಿತ್ಸಾಕ್ಕೆ ಹನ್ನೊಂದು. ಯುರೋಪಿನ ಸಂಗೀತವೆಲ್ಲ ನಾಲ್ಕಕ್ಕೆ ಇಲ್ಲವೇ ಮೂರಕ್ಕೆ ನಡೆಯುತ್ತದೆ ಎಂದು ನಂಬಿದ್ದ ಜಾಝ್‌ನವರಿಗೆ ಈ ಕುಂಟು ನಡೆ ಕೇಳಿ ಹುಚ್ಚು ಹಿಡಿಯಿತು. ಅಮೆರಿಕದ ಡೇವ್ ಬ್ರೂಬೆಕ್ 1958ರಲ್ಲಿ ಇಸ್ತಾಂಬುಲ್ಲಿನ ಬೀದಿಯಲ್ಲಿ ಎರಡು-ಎರಡು-ಎರಡು-ಮೂರರ ಒಂಬತ್ತು ಪೆಟ್ಟು ಕೇಳಿ, ಮರುವರ್ಷ ಅದನ್ನೇ ತನ್ನ ರೆಕಾರ್ಡಿಗೆ ಹಾಕಿದ. ಬೀದಿಯವರ ಹೆಸರು ಯಾರಿಗೂ ಗೊತ್ತಿಲ್ಲ, ಬ್ರೂಬೆಕ್ಕನ ಹೆಸರು ಎಲ್ಲರಿಗೂ ಗೊತ್ತು. ಇದು ಎಲ್ಲ ಕಡೆಯೂ ನಡೆಯುವ ವ್ಯವಹಾರ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ತಾಳ ಅಲ್ಲ, ಊದುತ್ತಿದ್ದವನ ಕತೆ. ಅವನ ಹೆಸರು ಇವೋ ಪಾಪಾಸೋವ್. ಹುಟ್ಟಿದಾಗಿನ ಹೆಸರು ಇಬ್ರಿಯಾಮ್ ಹಪಾಜೋವ್. ತುರ್ಕಿ ಮತ್ತು ರೋಮಾ ಮೂಲದವನು. ರೋಮಾ ಎಂದರೆ ಯುರೋಪಿನವರು ಜಿಪ್ಸಿ ಎಂದು ಹೀಗಳೆಯುವ ಜನ. ಸಾವಿರ ವರ್ಷದ ಹಿಂದೆ ಉತ್ತರ ಭಾರತದಿಂದ ಹೊರಟವರು ಎಂದು ಅವರ ಮಾತೇ ಹೇಳುತ್ತದೆ. ನೀರಿಗೆ ಇವತ್ತಿಗೂ ಪಾನಿ ಅನ್ನುತ್ತಾರೆ. ಊರ ಹೊರಗೆ ಕೇರಿ, ಕಮ್ಮಾರಿಕೆ, ಬುಟ್ಟಿ ಹೆಣೆಯುವುದು, ಮದುವೆಯಲ್ಲಿ ವಾದ್ಯ. ಓದುಗ ಗೆಳೆಯರೇ, ಇದಕ್ಕಿಂತ ಹೆಚ್ಚು ವಿವರ ನಿಮಗೆ ಬೇಕಾಗಲಿಕ್ಕಿಲ್ಲ.

ಪಾಪಾಸೋವ್ 1974ರಲ್ಲಿ ತ್ರಾಕಿಯಾ ಎಂಬ ಬ್ಯಾಂಡು ಕಟ್ಟಿದ. ಅವನ ದಿನ ಸಿಗಲೆಂದು ಜನ ಮದುವೆಯ ದಿನವನ್ನೇ ಸರಿಸುತ್ತಿದ್ದರು. ಅಲ್ಲಿನ ಸರ್ಕಾರಕ್ಕೆ ಮಾತ್ರ ಇದು ಹಿಡಿಸಲಿಲ್ಲ. ಅದಕ್ಕೆ ಬೇಕಾದದ್ದು 'ಶುದ್ಧ' ಜಾನಪದ. ಹಳ್ಳಿಯ ಹೆಂಗಸರ ಹಾಡನ್ನು ತೊಳೆದು ಇಸ್ತ್ರಿ ಹಾಕಿ, ಒಂದೇ ಬಣ್ಣದ ಲಂಗ ತೊಡಿಸಿ ದೇಶವಿದೇಶಕ್ಕೆ ಕಳಿಸುತ್ತಿದ್ದರು. ಆ ಹಾಡುಗಳು ಕೆಟ್ಟವೆಂದು ನಾವು ಹೇಳುತ್ತಿಲ್ಲ. 1977ರಲ್ಲಿ ಬಾಹ್ಯಾಕಾಶಕ್ಕೆ ಹೋದ ವಾಯೇಜರ್ ನೌಕೆಯ ತಟ್ಟೆಯಲ್ಲೂ ಬಲ್ಗೇರಿಯಾದ ಒಬ್ಬ ಹೆಣ್ಣುಮಗಳ ಹಾಡು ಉಂಟು. ಹಾಡು ನಕ್ಷತ್ರಕ್ಕೆ ಹೋಗಬಹುದು, ರೋಮಾ ಹುಡುಗ ಮಾತ್ರ ತನ್ನ ಧಾಟಿಯನ್ನು ಮದುವೆ ಮನೆಯಲ್ಲಿ ಊದಬಾರದು! 1984-85ರಲ್ಲಿ ತುರ್ಕಿ ಮತ್ತು ಮುಸ್ಲಿಂ ಹೆಸರುಗಳನ್ನೆಲ್ಲ ಬಲವಂತದಿಂದ ಬದಲಾಯಿಸಿದರು. ಪಾಪಾಸೋವ್ ಮತ್ತು ಅವನ ಜೊತೆ ಸ್ಯಾಕ್ಸೋಫೋನ್ ಊದುತ್ತಿದ್ದ ಯೂರಿ ಯೂನಾಕೋವ್ ಜೈಲು ಕಂಡರು. ಅಪರಾಧ, ತಮ್ಮ ಜನರ ಸಂಗೀತ ನುಡಿಸಿದ್ದು. ಆ ಸರ್ಕಾರ ಬಿದ್ದದ್ದೂ ಅವನ ರೆಕಾರ್ಡು ಪರದೇಶದಲ್ಲಿ ಹೊರಬಂದದ್ದೂ ಒಂದೇ ವರ್ಷ, 1989. ಯೂನಾಕೋವ್ ಆಮೇಲೆ ನ್ಯೂಯಾರ್ಕಿಗೆ ಹೋದ, 2011ರಲ್ಲಿ ಅಮೆರಿಕದ ಸರ್ಕಾರವೇ ಕರೆದು ಸನ್ಮಾನ ಮಾಡಿತು.

ನಮ್ಮೂರಿನ ಸ್ಯಾಕ್ಸೋಫೋನಿನ ಕತೆಗೆ ಬರೋಣ.

ಕದ್ರಿ ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಹುಟ್ಟಿದವರು. ತಂದೆ ತನಿಯಪ್ಪ ನಾಗಸ್ವರದವರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಅದಕ್ಕೇ ಮನಸೋತ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬವನು 1846ರಲ್ಲಿ ಪೇಟೆಂಟ್ ಪಡೆದು ಮಿಲಿಟರಿ ಬ್ಯಾಂಡಿಗೆ ಕೊಟ್ಟ ವಾದ್ಯ ಅದು. ಒಂದೊಂದು ಕೀಲಿಗೆ ಒಂದೊಂದು ಸ್ವರ. ನಡುವೆ ಜಾರುವುದಕ್ಕೆ ಜಾಗವಿಲ್ಲ. ನಮ್ಮ ರಾಗಗಳಿಗೋ ಜಾರದಿದ್ದರೆ ಪ್ರಾಣವೇ ಇಲ್ಲ. ನಾಗಸ್ವರದ ಮನೆಯಲ್ಲಿ ಬೆಳೆದವನ ಕಿವಿಗೆ ಆ ಜಾರು ಗೊತ್ತಿತ್ತು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಹತ್ತಿರ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಹತ್ತಿರ ಕಲಿತರು. ವಾದ್ಯವನ್ನೂ ತಮಗೆ ಬೇಕಾದ ಹಾಗೆ ತಿದ್ದಿಕೊಂಡರು. ಸುಮಾರು 20 ವರ್ಷ ಹಿಡಿಯಿತು ಅಂತಾರೆ.

ಎಂಜಲು ತಾಗುವ ವಾದ್ಯ, ತೊಗಲು ತಾಗುವ ವಾದ್ಯ, ಇವೆರಡನ್ನೂ ಜಾತಿಯ ಲೆಕ್ಕದಲ್ಲಿ ಕೆಳಗಿಟ್ಟ ನಾಡು ನಮ್ಮದು. ಸ್ಯಾಕ್ಸೋಫೋನಿಗೆ ಎಂಜಲೂ ಉಂಟು, ತೂತು ಮುಚ್ಚುವ ಬಿಲ್ಲೆಗಳಲ್ಲಿ ತೊಗಲೂ ಉಂಟು. ಅದು ಸಭೆಯ ವೇದಿಕೆ ಹತ್ತಿ ಕೂತಿತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿಯಲ್ಲಿ ಕರ್ನಾಟಕ ಸಂಗೀತದವರಲ್ಲಿ ಮೊದಲಿಗರಾಗಿ ನುಡಿಸಿದ್ದು ಇದೇ ಬಂಟ್ವಾಳದ ನಾಗಸ್ವರದವರ ಮಗ. 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲೇ ತೀರಿಕೊಂಡರು. 'ಪಾಶ್ಚಾತ್ಯ ವಾದ್ಯವನ್ನು ಪಳಗಿಸಿದ ಸಾಧಕ' ಎಂದು ಹೊಗಳಿದ್ದೇ ಹೊಗಳಿದ್ದು. ತನಿಯಪ್ಪನವರ ನಾಗಸ್ವರವನ್ನು ಕೇಳಿದವರು ಎಷ್ಟು ಜನ? ಮಗ ಕೃತಿ ನುಡಿಸಿದ್ದರಿಂದ ವಿದ್ವಾಂಸ. ಉತ್ಸವದ ದಿನ ಬಿಸಿಲಲ್ಲಿ ನಿಂತು ಅದೇ ರಾಗ ಊದಿದವನು ವಾಲಗದವನು. ಇದು ಗೋಪಾಲನಾಥರ ತಪ್ಪಲ್ಲ, ಕೇಳುವವರ ಕಿವಿಯಲ್ಲಿರುವ ಕೊಳೆ.

ಅವರ ಬದುಕು ತಿರುಗಿದ್ದು ಸಭೆಗಳಿಂದಲ್ಲ ಎಂಬುದನ್ನೂ ಹೇಳಲೇಬೇಕು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿ ಎಂಬ ಅಮೆರಿಕದ ಕರಿಯ ಸ್ಯಾಕ್ಸೋಫೋನ್‌ಗಾರ ಇವರ ವಾದನ ಕೇಳಿ, ನಾನೂ ಜೊತೆಗೆ ನುಡಿಸಬಹುದೇ ಎಂದು ಕೇಳಿದ. ಹತ್ತಿ ಬಿಡಿಸುವ ಗುಲಾಮರ ಮಕ್ಕಳು ಕಟ್ಟಿದ ಸಂಗೀತ ಜಾಝ್. ನ್ಯೂ ಆರ್ಲಿಯನ್ಸ್‌ನಲ್ಲಿ ಅವರ ಬ್ಯಾಂಡು ಹೆಣದ ಮುಂದೆ ನಿಧಾನಕ್ಕೆ ನುಡಿಸುತ್ತ ಹೋಗಿ, ಮಣ್ಣು ಮಾಡಿ ಬರುವಾಗ ಕುಣಿಸುತ್ತ ಬರುತ್ತದೆ. ಆ ಮನೆತನದವನು ಈ ಮನೆತನದವನನ್ನು ಗುರುತಿಸಲಿಕ್ಕೆ ಒಂದು ರಾಗ ಸಾಕಾಯಿತು. ಮುಂದೆ, ಅಮೆರಿಕದಲ್ಲಿ ಬೆಳೆದ ಕನ್ನಡ ಮನೆಯ ಹುಡುಗ ರುದ್ರೇಶ್ ಮಹಾಂತಪ್ಪನಿಗೆ ಮನೆಯವರು ತಮಾಷೆಗೆಂದು ಗೋಪಾಲನಾಥರ ಒಂದು ರೆಕಾರ್ಡು ಕೊಟ್ಟರಂತೆ. ತಮಾಷೆ ಅವನ ಜೀವಕ್ಕೇ ಅಂಟಿಕೊಂಡು, 2008ರಲ್ಲಿ ಇಬ್ಬರೂ ಕೂಡಿ 'ಕಿನ್ಸ್‌ಮೆನ್' ಎಂಬ ಜಾಝ್ ರೆಕಾರ್ಡು ತಂದರು. ಹೆಸರಿನ ಅರ್ಥ ನೆಂಟರು.

ಈಗ ನಮ್ಮ ಜಿಲ್ಲೆಯಲ್ಲಿ ಸ್ಯಾಕ್ಸೋಫೋನ್ ಇಲ್ಲದ ಮದುವೆ ಅಪರೂಪ. ಸಂತೋಷವೇ. ಹಾಗಾದರೆ ಡೋಲಿನ ಗತಿ ಏನು?

ನಮ್ಮ ಕೊರಗ ಗೆಳೆಯರ ಡೋಲಿಗೆ ಅಜಲು ಎಂಬ ವಿಷ ಅಂಟಿತ್ತು. ಕಂಬಳದ ಹಿಂದಿನ ರಾತ್ರಿ ಕಾದು ಕೂತು ಬಾರಿಸಬೇಕು, ಕೋಣಗಳ ಮುಂಚೆ ಓಡಬೇಕು, ಉಗುರು ಕೂದಲು ಬೆರೆಸಿದ ಅನ್ನ ತಿನ್ನಬೇಕು. ಇದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಕಾನೂನು ತಂದದ್ದು 2000ದಲ್ಲಿ. ಅಲ್ಲಿಯ ತನಕ ಪಂಪ, ರನ್ನ, ಸಂವಿಧಾನ, ಚಂದ್ರಯಾತ್ರೆ ಎಲ್ಲ ಆಗಿ ಹೋಗಿತ್ತು! ಈಗ ಅದೇ ಡೋಲನ್ನು ಮೆರವಣಿಗೆಯ ಲಾರಿಯಲ್ಲಿ ನಿಲ್ಲಿಸಿ 'ನಮ್ಮ ಸಂಸ್ಕೃತಿ' ಎಂದು ಫೋಟೋ ತೆಗೆಯುತ್ತಾರೆ. ತಮ್ಮ ಮದುವೆಗೆ ತಾವೇ ಸಂಗೀತ ಹಾಕಿಕೊಂಡರೆ ಏನಾಗುತ್ತದೆ? 2021ರ ಡಿಸೆಂಬರಿನಲ್ಲಿ ಉಡುಪಿ ಜಿಲ್ಲೆಯ ಕೋಟತಟ್ಟಿನಲ್ಲಿ ಕೊರಗರ ಮನೆಯ ಮೆಹಂದಿಗೆ ಡಿಜೆ ಹಾಕಿದ್ದಕ್ಕೆ ಪೊಲೀಸರು ಬಂದು ಮದುಮಗನ ಸಮೇತ ಎಲ್ಲರಿಗೂ ಲಾಠಿ ಬೀಸಿದರು. ಗಲಾಟೆಯಾದ ಮೇಲೆ ಪಿಎಸ್ಐ ಅಮಾನತಾದರು. ಬಾರಿಸು ಎಂದಾಗ ಬಾರಿಸದಿದ್ದರೂ ಪೆಟ್ಟು, ತನ್ನ ಪಾಡಿಗೆ ಬಾರಿಸಿದರೂ ಪೆಟ್ಟು.

ಅದಕ್ಕೇ ನಮ್ಮ ಕೇರಿಯಲ್ಲಿ ಜಗಳ ನಡೆದಿದೆ. ಓದಿದ ಕೆಲವರು, ಈ ತಾಸೆ, ಬ್ಯಾಂಡು ಎಲ್ಲ ಬಿಟ್ಟುಬಿಡೋಣ, ಇದು ಕೊರಳಿಗೆ ಕಟ್ಟಿದ ಹಗ್ಗ ಅಂತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಮಹಾರಾಷ್ಟ್ರದಲ್ಲೂ ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲೂ ಊರಿನವರ ಹೆಣಕ್ಕೆ ತಮಟೆ ಬಾರಿಸುವುದಿಲ್ಲ ಎಂದು ನಮ್ಮವರು ಎದೆ ಸೆಟೆಸಿ ನಿಂತದ್ದು ಸಣ್ಣ ಸಂಗತಿಯಲ್ಲ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಹುಡುಗ ಮಾತ್ರ ಕೇಳುವುದಿಲ್ಲ. ಬಲ್ಗೇರಿಯಾದವನು ಕ್ಲಾರಿಯೊನೆಟ್ ಬಿಟ್ಟನಾ, ಜಾನ್ ಹ್ಯಾಂಡಿ ಬಿಟ್ಟನಾ ಅಂತಾನೆ. ನಮಗೆ ಹುಡುಗನ ಕಡೆಗೇ ಮನಸ್ಸು ವಾಲುತ್ತದೆ. ಆದರೆ ಹಳೆಯ ಷರತ್ತಿನಲ್ಲಿ ಅಲ್ಲ. ನಮ್ಮ ಸೆಟ್ಟಿನವರು ಕೂತು ಮೂರು ಮಾತು ಬರೆದಿದ್ದೇವೆ: ಅರ್ಧ ದುಡ್ಡು ಮುಂಗಡ, ಊಟ ಎಲ್ಲರ ಪಂಕ್ತಿಯಲ್ಲೇ, ವಾದ್ಯ ಮಂಟಪದ ಒಳಗೆ. ಮೂರನೆಯದನ್ನು ಕೇಳಿ ಇಬ್ಬರು ಪಾರ್ಟಿಯವರು ಬೇರೆ ಸೆಟ್ಟು ನೋಡಿಕೊಂಡರು. ಒಬ್ಬರು ಒಪ್ಪಿದ್ದಾರೆ.

ಆ ಮದುವೆಗೆ ಎರಡು-ಎರಡು-ಮೂರರ ಆ ಕುಣಿತವನ್ನು ಹಾಕಲೇಬೇಕು ಎಂದು ಹುಡುಗ ಹಟ ಹಿಡಿದಿದ್ದಾನೆ. ದಿಬ್ಬಣದ ಹೆಂಗಸರು ಎಡವಿ ಬೀಳುತ್ತಾರೆ ಎಂದು ಮಾಮ ಬೈಯುತ್ತಾರೆ. ಬೈದು, ಸಂಜೆಯಾದರೆ ತಾಸೆಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಜಗಲಿಯಲ್ಲಿ ಅವನ ಎದುರು ಕೂತು ಏಳರ ಪೆಟ್ಟು ಅಭ್ಯಾಸ ಮಾಡುತ್ತಾರೆ.