ಹಡಗುಗಳನ್ನು ಎಣಿಸುವ ಡುಬ್ರೊವ್ನಿಕ್

ಏಡ್ರಿಯಾಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿ, ಕ್ರೊಯೇಷಿಯಾ ದೇಶದ ದಕ್ಷಿಣ ಭಾಗದಲ್ಲಿ, ನೀರಿಗೆ ಕಾಲು ಇಳಿಬಿಟ್ಟು ಕುಳಿತಂತೆ ಕಾಣುವ ಕಲ್ಲಿನ ಊರು ಡುಬ್ರೊವ್ನಿಕ್. ಮೆಡಿಟರೇನಿಯನ್ ಯಾನಕ್ಕೆ ಹೊರಟ ವಿಹಾರ ನೌಕೆಗಳಲ್ಲಿ ಹಲವು ಇಲ್ಲಿ ಒಂದು ಹಗಲು ತಂಗುತ್ತವೆ. ಬೆಳಗಿನ ಉಪಾಹಾರ ಮುಗಿಸಿ ಇಳಿದವರು ಸಂಜೆಯೊಳಗೆ ಹಡಗಿಗೆ ಮರಳಬೇಕು. ಶತಮಾನಗಳ ಇತಿಹಾಸವನ್ನು ನೋಡಲು ಸಿಗುವುದು ಏಳೆಂಟು ತಾಸು ಮಾತ್ರ.

ದೊಡ್ಡ ಹಡಗುಗಳು ನಿಲ್ಲುವುದು ಗ್ರುಜ್ ಬಂದರಿನಲ್ಲಿ. ಅಲ್ಲಿಂದ ಹಳೆಯ ಪಟ್ಟಣ ಸುಮಾರು ಮೂರು ಕಿಲೋಮೀಟರ್. ಸಂಖ್ಯೆ ಬರೆದ ಫಲಕವನ್ನು ಎತ್ತಿ ಹಿಡಿದ ಮಾರ್ಗದರ್ಶಿಯ ಬೆನ್ನು ಹಿಡಿದು ಗುಂಪು ಪಿಲೆ ಹೆಬ್ಬಾಗಿಲನ್ನು ದಾಟುತ್ತದೆ. ಒಳಗೆ ಕಾಲಿಟ್ಟೊಡನೆ ಎದುರಾಗುವುದು 1438ರ ಒನೊಫ್ರಿಯೊ ಕಾರಂಜಿ. ಸುಮಾರು 12 ಕಿಲೋಮೀಟರ್ ದೂರದ ಬುಗ್ಗೆಯಿಂದ ಕಾಲುವೆ ಕಟ್ಟಿ ಇಲ್ಲಿಗೆ ನೀರು ತಂದಿದ್ದರು. ಪಕ್ಕದ ಫ್ರಾನ್ಸಿಸ್ಕನ್ ಮಠದಲ್ಲಿ 1317ರಲ್ಲಿ ಆರಂಭವಾದ ಔಷಧಾಲಯವಿದೆ. ಯೂರೋಪಿನ ಅತಿ ಹಳೆಯ ಔಷಧಾಲಯಗಳಲ್ಲಿ ಅದೂ ಒಂದು.

ಮುಂದೆ ಸಾಗುವ ಸ್ಟ್ರಾಡುನ್ ಬೀದಿಯ ಸುಣ್ಣಕಲ್ಲಿನ ಹಾಸು ಸವೆದು ಕನ್ನಡಿಯಂತೆ ಹೊಳೆಯುತ್ತದೆ. ಇಕ್ಕೆಲದ ಮನೆಗಳೆಲ್ಲ ಒಂದೇ ಅಚ್ಚಿನವು. 1667ರ ಏಪ್ರಿಲ್ 6ರಂದು ಭೂಕಂಪ ಊರನ್ನು ನೆಲಸಮ ಮಾಡಿತು. ಸಾವಿರಾರು ಜನ ಸತ್ತರು. ಉಳಿದವರು ಬೀದಿಯನ್ನು ಹೀಗೆ ಸಾಲಾಗಿ ಮತ್ತೆ ಕಟ್ಟಿದರು. ಬೀದಿಯ ಕೊನೆಯ ಚೌಕದಲ್ಲಿ ವೀರ ಒರ್ಲಾಂಡೊನ ಕಂಬವಿದೆ. ಬಟ್ಟೆ ಅಳೆಯಲು ಈ ಶಿಲಾಮೂರ್ತಿಯ ಮುಂಗೈಯೇ ಊರಿನ ಮೊಳ, ಉದ್ದ 51.2 ಸೆಂಟಿಮೀಟರ್. ವರ್ತಕನ ಮೊಳ ಗಿಡ್ಡವೆಂಬ ಅನುಮಾನ ಬಂದವರು ಕಲ್ಲಿನ ಕೈಯಲ್ಲೇ ಅಳೆದು ನೋಡಬಹುದಿತ್ತು!

ಆಗ ಈ ಊರಿನ ಹೆಸರು ರಗೂಸಾ. ವ್ಯಾಪಾರವೇ ಉಸಿರಾಗಿದ್ದ ಈ ಪುಟ್ಟ ಗಣರಾಜ್ಯ ತುರ್ಕಿ ಸುಲ್ತಾನರಿಗೆ ಕಪ್ಪ ಕೊಟ್ಟು, ವೆನಿಸ್‌ಗೆ ಸಡ್ಡು ಹೊಡೆದು, 1808ರಲ್ಲಿ ನೆಪೋಲಿಯನ್ನನ ಸೇನೆ ಕೊನೆಗಾಣಿಸುವವರೆಗೂ ಬಾಳಿತು. ಅಧಿಕಾರವೆಲ್ಲ ಕುಲೀನ ಮನೆತನಗಳ ಕೈಯಲ್ಲಿದ್ದರೂ ಮುಖ್ಯಸ್ಥನ ಅವಧಿ ಒಂದೇ ತಿಂಗಳು. ಆ ತಿಂಗಳು ರಾಜಕಾರ್ಯಕ್ಕಲ್ಲದೆ ಆತ ಅರಮನೆ ಬಿಟ್ಟು ಹೊರಬರುವಂತಿರಲಿಲ್ಲ. ಸ್ವಂತದ್ದನ್ನು ಮರೆತು ಸಾರ್ವಜನಿಕರ ಕೆಲಸ ನೋಡಿ ಎಂಬ ಅರ್ಥದ ಲ್ಯಾಟಿನ್ ಬರಹ ಅರಮನೆಯಲ್ಲಿ ಇಂದಿಗೂ ಇದೆ. ಗುಲಾಮರ ವ್ಯಾಪಾರವನ್ನು ಈ ಊರು 1416ರಲ್ಲೇ ನಿಷೇಧಿಸಿತ್ತು.

ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಸಂಗತಿ ಪೂರ್ವದ ಪ್ಲೊಚೆ ಬಾಗಿಲಿನಾಚೆ ಇದೆ. ಹಡಗು ಬಂದರೆ ಹಣ ಬರುತ್ತದೆ, ಅದರೊಡನೆ ಪ್ಲೇಗೂ ಬರಬಹುದು. ಬಂದರು ಮುಚ್ಚಿದರೆ ಹೊಟ್ಟೆಗಿಲ್ಲ, ತೆರೆದರೆ ಜೀವಕ್ಕೇ ಸಂಚಕಾರ. 1377ರಲ್ಲಿ ನಗರಸಭೆ ನಡುದಾರಿಯೊಂದನ್ನು ಕಂಡುಕೊಂಡಿತು: ಪ್ಲೇಗು ಹಬ್ಬಿದ ಕಡೆಯಿಂದ ಬಂದವರು ಒಂದು ತಿಂಗಳು ಹೊರಗಿನ ದ್ವೀಪದಲ್ಲೋ ಪಕ್ಕದ ಊರಿನಲ್ಲೋ ಕಳೆದು ಬಳಿಕ ಒಳಬರಬೇಕು. ಕ್ವಾರಂಟೈನ್ ಪದ್ಧತಿಯ ಮೊದಲ ಕಾನೂನುಗಳಲ್ಲಿ ಇದೂ ಒಂದು. 2020ರಲ್ಲಿ ಕೋಣೆಯ ಬಾಗಿಲು ಹಾಕಿ ಕುಳಿತ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಈ ಕೆಲಸಕ್ಕೆಂದೇ ಕಟ್ಟಿದ ಕಲ್ಲಿನ ಮನೆಗಳ ಸಾಲು ಸಮುದ್ರದಂಚಿನಲ್ಲಿ ಇಂದಿಗೂ ನಿಂತಿದೆ.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಕೋಟೆ ಗೋಡೆಯ ಮೇಲಿನ ನಡಿಗೆ. ಉದ್ದ 1,940 ಮೀಟರ್. ಎತ್ತರ ಕೆಲವೆಡೆ 25 ಮೀಟರ್. ಮೆಟ್ಟಿಲು ಹಲವು, ನೆರಳು ಕಡಿಮೆ. ಟೋಪಿ, ನೀರು, ಜಾರದ ಪಾದರಕ್ಷೆ ಬೇಕೇ ಬೇಕು. ಮೇಲಿನಿಂದ ಹೆಂಚಿನ ಮಾಡುಗಳು ಎರಡು ಬಣ್ಣವಾಗಿ ಕಾಣುತ್ತವೆ. ಮಾಸಿದವು ಹಳೆಯವು, ಕೆಂಪಗೆ ಹೊಳೆಯುವವು ಯುದ್ಧದ ನಂತರ ಹೊದಿಸಿದವು. ಯುಗೊಸ್ಲಾವಿಯಾ ಒಡೆದಾಗ, 1991ರ ಅಕ್ಟೋಬರ್‌ನಿಂದ ಊರಿಗೆ ಮುತ್ತಿಗೆ ಬಿತ್ತು. ಡಿಸೆಂಬರ್ 6ರಂದು ಶೆಲ್ಲುಗಳ ಮಳೆಯೇ ಸುರಿಯಿತು. 1979ರಲ್ಲೇ ಯುನೆಸ್ಕೋ ವಿಶ್ವ ಪರಂಪರೆಯ ತಾಣವೆಂದು ಸಾರಿದ್ದೂ ಅದನ್ನು ಉಳಿಸಲಿಲ್ಲ. ಹಳೆಯ ಪಟ್ಟಣದ 824 ಕಟ್ಟಡಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚಿನವಕ್ಕೆ ಏಟು ಬಿದ್ದಿತ್ತು. ದೂರದಿಂದ ಚೆಂದ ಕಾಣುವ ಕೆಂಪು, ಕತೆ ತಿಳಿದ ಮೇಲೆ ಬೇರೆಯೇ ಆಗುತ್ತದೆ.

ಯುದ್ಧದ ಗಾಯ ಮಾಗಿತು. ಪ್ರವಾಸಿಗಳ ದಂಡು ಬಂತು. ಅಂಗಡಿ, ಹೋಟೆಲು, ಬಾಡಿಗೆ ಕೋಣೆಗಳು ಹೆಚ್ಚಿದಂತೆ ಗೋಡೆಯೊಳಗೆ ವಾಸಿಸುವವರು ಕಡಿಮೆಯಾದರು. ಹಲವು ಹಡಗುಗಳು ಒಟ್ಟಿಗೆ ಬಂದ ದಿನ ಹೆಬ್ಬಾಗಿಲಿನಲ್ಲಿ ಉಸಿರುಗಟ್ಟುವ ನೂಕುನುಗ್ಗಲು. ಕಡೆಗೆ 2019ರಲ್ಲಿ ನಗರಾಡಳಿತ ಒಂದು ಹೊತ್ತಿಗೆ ಎರಡೇ ವಿಹಾರ ನೌಕೆ ಎಂಬ ಮಿತಿ ಹಾಕಿತು. ಬಂದವರನ್ನು ಬೇಡವೆನ್ನದೆ, ತನ್ನನ್ನೂ ಕಳೆದುಕೊಳ್ಳದೆ ಇರುವುದು ಹೇಗೆ? 1377ರ ಪ್ರಶ್ನೆಯೇ ಬೇರೆ ವೇಷದಲ್ಲಿ ಮರಳಿದೆ.

ಸಂಜೆ ಗ್ರುಜ್ ಬಂದರಿನಲ್ಲಿ ಹಡಗಿನ ಸಿಳ್ಳೆ ಕೇಳುತ್ತದೆ. ಗುಂಪುಗಳು ಕರಗುತ್ತವೆ. ಓಣಿಯ ಮೇಲೆ ಮನೆಯಿಂದ ಮನೆಗೆ ಕಟ್ಟಿದ ಹಗ್ಗದಲ್ಲಿ ಒಗೆದ ಬಟ್ಟೆಗಳು ಗಾಳಿಗೆ ತೊನೆಯುತ್ತವೆ. ಇಲ್ಲಿ ಇನ್ನೂ ಜನ ವಾಸವಾಗಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ.